ಕಟ್ಟಿದ ಕೈ

ಬೆಳಗಿನಿಂದ ಗಂಟಲಲ್ಲಿ ಕಫ ಬಂದು ಕೂತಿತ್ತು. ಕ್ಯಾಕರಿಸಬಾರದೆಂದು ಮುನಿರಾಜಪ್ಪ ಹಟ ಹಿಡಿದಿದ್ದ. ಹಲ್ಲುಜ್ಜುವಾಗ ತಡೆದ, ಕಾಫಿ ಕುಡಿಯುವಾಗ ತಡೆದ. ಈಗ ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಅನೀಸನ ಆಟೋ ಬಸ್ಸುಗಳ ನಡುವೆ ಸಿಕ್ಕಿಕೊಂಡು ಹೊಗೆಯೆಲ್ಲ ಒಳಗೇ ನುಗ್ಗುತ್ತಿರುವಾಗಲೂ ಉಗುಳು ನುಂಗಿ ನುಂಗಿ ತಡೆದುಕೊಂಡಿದ್ದ. ತೊಡೆಯ ಮೇಲೆ ಅಕ್ಕಿ ಚೀಲ, ಚೀಲದೊಳಗೆ ನಾಯಿಯ ಸರಪಳಿ. ಆಟೋ ಗುಂಡಿಗೆ ಇಳಿದು ಎದ್ದಾಗಲೆಲ್ಲ ಅದು ಝಲ್ಲೆನ್ನುತ್ತಿತ್ತು. ಪಕ್ಕದಲ್ಲಿ ಕೂತ ಟೈಲರ್ ಶರ್ಫುನ್ನೀಸಾ ಆಗೆಲ್ಲ ಮುಖವನ್ನು ಹೊರಗೆ ತಿರುಗಿಸುತ್ತಿದ್ದಳು. ಕ್ಯಾಕರಿಸುವುದು ಅವನಿಗೆ ಅಪ್ಪನಿಂದ ಬಂದದ್ದು. ಹೊಲದಿಂದ ಬಂದ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಒಳಗೆ ಮಾತು ನಿಲ್ಲುತ್ತಿತ್ತು. ಗಂಡಸು ಮನೆಗೆ ಬಂದ ಎಂದು ಹೇಳುವ ರೀತಿ ಅದು, ಅದರಲ್ಲೇನಿದೆ ತಪ್ಪು? ಅವನ ಮನೆಯಲ್ಲೂ ಅಷ್ಟೇ. ಮೆಟ್ಟಿಲ ಬಳಿ ಕ್ಯಾಕರಿಸಿದರೆ ಟೀವಿಯ ಸದ್ದು ತಗ್ಗುತ್ತದೆ, ಸೋಫಾದ ಮೇಲೆ ಚಾಚಿದ ಕಾಲುಗಳು ಕೆಳಗಿಳಿಯುತ್ತವೆ. ಅದನ್ನು ಅವನು ಮರ್ಯಾದೆ ಎಂದೇ ತಿಳಿದಿದ್ದ. ಸೈಟಿನ ಕಾಂಪೌಂಡು ಮೂಲೆಯಲ್ಲಿ ಕ್ಯಾಕರಿಸಿದರೆ ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗುತ್ತಿತ್ತು. ಅದನ್ನೂ ಹಾಗೇ ತಿಳಿದಿದ್ದ.

"ಅದೇ ಚೈನಾ?" ಶರ್ಫುನ್ನೀಸಾ ಹೊರಗೆ ನೋಡುತ್ತಲೇ ಕೇಳಿದಳು. "ಬೇರೆ ಸಿಗ್ಲಿಲ್ವಾ ನಿಮ್ಗೆ?"

"ಅದೇ ತರ್ಬೇಕು ಅಂದ್ರಲ್ಲ ಆಪಾ. ಎಲ್ಲಾರೂ ಸೇರ್ಕೊಂಡು ಅಂದ್ರಲ್ಲ."

"ತೊಳೆದಾದ್ರೂ ತಂದ್ರಾ?"

"ತೊಳ್ದಿವ್ನಿ."

ಅನೀಸ ಕನ್ನಡಿಯಲ್ಲಿ ಹಲ್ಲು ಕಿರಿದ. "ಚೈನ್ ಬಿಡಿ ಆಪಾ, ಅಣ್ಣಾನೇ ಹೆಂಗೆ ತೊಳ್ಕೊಂಡು ಬಂದವ್ರೆ ನೋಡಿ. ಇಸ್ತ್ರಿ ಶರ್ಟು, ಸೆಂಟು. ಹೆಣ್ಣು ನೋಡೋಕ್ ಹೋಗ್ತಾ ಇರೋ ಹಂಗೆ."

"ಮುಚ್ಕೊಂಡು ಓಡ್ಸೋ," ಎಂದ ಮುನಿರಾಜಪ್ಪ. ಹಿಂದಾಗಿದ್ದರೆ ಈ ಅನೀಸ ಅವನ ಎದುರು ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಈಗ ಯಾರು ಬೇಕಾದರೂ ಏನು ಬೇಕಾದರೂ ಅನ್ನಬಹುದು. ಸ್ಟೇಷನ್ ರಸ್ತೆಯ ಟೀ ಅಂಗಡಿಯ ಮುಂದೆ ಅವನು ಹಾದರೆ ಗುಂಪಿನೊಳಗಿಂದ ಯಾವನೋ ಮೆಲ್ಲಗೆ 'ಬೌ' ಎನ್ನುತ್ತಾನೆ. ತಿರುಗಿದರೆ ಎಲ್ಲರೂ ಲೋಟದೊಳಗೆ ಮುಖ ಇಟ್ಟುಕೊಂಡಿರುತ್ತಾರೆ. ಯಾವನ ಕೆನ್ನೆಗೆಂದು ಬಾರಿಸುವುದು?

ಸರಪಳಿಯನ್ನು ಬಟ್ಟೆ ಸೋಪಿನ ಪುಡಿ ಹಾಕಿ ಬಕೆಟ್ಟಿನಲ್ಲಿ ನೆನೆಹಾಕಿದ್ದು ನಿಜ. ಆದರೆ ಒಂದು ಕೊಂಡಿಯ ಸಂದಿನಲ್ಲಿ ಸಿಕ್ಕಿದ್ದ ಕಂದು ಕೂದಲು ಎಷ್ಟು ಉಜ್ಜಿದರೂ ಬಿಡಲಿಲ್ಲ. ಪಿನ್ನು ಹಾಕಿ ಕೀಳುತ್ತ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಗ ಬಾಗಿಲಲ್ಲಿ ಮಗಳು ಪ್ರಿಯಾ ನಿಂತಿದ್ದಳು. ಏನೋ ಹೇಳುತ್ತಾಳೆಂದು ಕಾದ. ಅವಳು ನೋಡಿದಳು, ಹೋದಳು. ಬೀದಿಯವರು ನಾಯಿಯನ್ನು ಬಿಡಿಸಿಕೊಂಡು ಹೋದ ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು. ತಟ್ಟೆ ಇಡುತ್ತಾಳೆ, ನೀರು ಇಡುತ್ತಾಳೆ, ಮಾತಿಲ್ಲ. ಮೊನ್ನೆ ಮಾತ್ರ, ಅದೂ ಅವನಿಗಲ್ಲ ಗೋಡೆಗೆ ಹೇಳುವ ಹಾಗೆ, "ಹೋಗಿ ಬಿಚ್ಚಿ ಬಂದ್ರೆ ಮಾತಾಡ್ತೀನಿ" ಎಂದಿದ್ದಳು. ಅದಕ್ಕೇ ಹೊರಟಿದ್ದ. ನಾಯಿಗಾಗಿ ಅಲ್ಲ. ನಾಯಿಗಾಗಿ ಎಂದು ಯಾರಾದರೂ ಅಂದುಕೊಂಡಿದ್ದರೆ ಅಂದುಕೊಳ್ಳಲಿ.

ಈ ಬಿಚ್ಚುವ ವಿಚಾರ ಎಬ್ಬಿಸಿದ್ದು ಅವನ ತಾಯಿ ಚಿಕ್ಕಮುನಿಯಮ್ಮ. ನಾಯಿ ಕುಕ್ ಟೌನಿನ ದೊಡ್ಡ ಮನೆ ಸೇರಿತ್ತು, ಗಾಯ ಮಾಯ್ದಿತ್ತು, ಮೈ ತುಂಬಿತ್ತು. ಆದರೆ ಅಷ್ಟು ದೊಡ್ಡ ತೋಟದಲ್ಲಿ ಅದು ಒಂದು ಸೀಬೆ ಮರದ ಸುತ್ತ ಮಾತ್ರ ತಿರುಗುತ್ತದಂತೆ, ಕಟ್ಟಿ ಹಾಕಿದ ಹಾಗೆ ಒಂದು ಗೆರೆಯಾಚೆ ಕಾಲಿಡುವುದಿಲ್ಲವಂತೆ. ಪ್ರಿಯಾ ಇದನ್ನು ಅಜ್ಜಿಗೆ ಹೇಳುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು. ಮುದುಕಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಹೇಳಿದಳು. "ಕಟ್ಟಿದೋನು ಬಿಚ್ಚಿಲ್ಲ ಕಣಮ್ಮಿ, ಅದ್ಕೇ. ನಮ್ ಹಟ್ಟೀಲಿ ಹಸು ಮಾರ್ದಾಗ ನಿಮ್ಮ ತಾತನೇ ಕುತ್ಗೆ ಕಣ್ಣಿ ಬಿಚ್ಚಿ, ಬೆನ್ನು ಸವರಿ, ಹೋಗ್ಬಾ ತಾಯಿ ಅಂತ ಕಳುಸ್ತಿದ್ರು. ಕಣ್ಣೀನ ಮಾತ್ರ ಕೊಡ್ತಿರ್ಲಿಲ್ಲ, ಮನೇಲೇ ಮಡಿಕ್ಕೋತಿದ್ರು. ಹಂಗ್ ಮಾಡ್ದಿದ್ರೆ ಹಸು ರಾತ್ರೋರಾತ್ರಿ ವಾಪಸ್ ಬಂದ್ ನಿಂತ್ಕೊಳ್ಳೋದು. ಇದುನ್ನ ಯಾರು ಕಳಿಸವ್ರೆ? ಯಾರೂ ಇಲ್ಲ. ತಂತಿ ಕತ್ತರಿಸ್ಕೊಂಡು ಹೊತ್ಕೊಂಡೋದ್ರು. ಅದುರ ಲೆಕ್ಕದಲ್ಲಿ ಅದಿನ್ನೂ ಕಟ್ಟಾಕೇ ಐತೆ." ಹಸುವಿನ ಶಾಸ್ತ್ರವನ್ನು ನಾಯಿಗೆ ಹಚ್ಚುವುದೇ ಎಂದು ಅವನು ರೇಗಿದ. ಆದರೆ ಪ್ರಿಯಾ ಅದನ್ನು ಬೀದಿಗೆ ಹೇಳಿದಳು, ಬೀದಿ ಕುಕ್ ಟೌನಿಗೆ ಹೇಳಿತು, ಎಲ್ಲರಿಗೂ ಅದು ಭಾರಿ ಹಿಡಿಸಿಬಿಟ್ಟಿತು. ಓದಿದವರಿಗೆ ಇಂಥವು ಬೇಗ ಹಿಡಿಸುತ್ತವೆ. ಕಟ್ಟಿದವನೇ ಬರಬೇಕು, ಅದೇ ಸರಪಳಿ ಹಾಕಬೇಕು, ಎಲ್ಲರ ಮುಂದೆ ತನ್ನ ಕೈಯಿಂದಲೇ ಬಿಚ್ಚಬೇಕು.

ಬೈಯಪ್ಪನಹಳ್ಳಿಯ ಕಡೆ ತಿರುಗಿದ ಮೇಲೆ ಗಾಳಿ ಬಂತು. ಮುನಿರಾಜಪ್ಪ ಕಣ್ಣು ಮುಚ್ಚಿದ. ಮುಚ್ಚಿದರೆ ಸೈಟು. ಅಪ್ಪನ ರಾಗಿ ಹೊಲದಲ್ಲಿ ಉಳಿದ ಕೊನೆಯ ಮೂಲೆ, ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ಪಾರ್ಥೇನಿಯಮ್ಮು. ಅದು ತನ್ನದೆಂದು ಅವನು, ತನ್ನದೆಂದು ಅಣ್ಣ ಮುನಿನಾರಾಯಣಪ್ಪ. ಸ್ವಾಧೀನ ತೋರಿಸಬೇಕು ಕಣ್ರೀ, ಅಲ್ಲೊಂದು ಜೀವ ಇರಬೇಕು ಎಂದರು ವಕೀಲರು. ಶೆಡ್ಡು ಹಾಕಿದ, ಅಣ್ಣನ ಕಡೆಯವರು ಕೆಡವಿದರು. ನಾಯಿಯನ್ನು ಕೆಡವಲಾಗುವುದಿಲ್ಲ ಎಂದು ರೈಲ್ವೆ ಸ್ಟೇಷನ್ ಹತ್ತಿರ ಬಿದ್ದಿದ್ದ ಮರಿಯೊಂದನ್ನು ತಂದು ಕಬ್ಬಿಣದ ಗೂಟ ಹೊಡೆದು ಕಟ್ಟಿದ. ಹೆಸರಿಡಲಿಲ್ಲ. ಸೈಟಿಗೆ ಕಲ್ಲು ನೆಡುತ್ತಾರೆ, ಕಲ್ಲಿಗೆ ಹೆಸರಿಡುತ್ತಾರೆಯೇ? ಹೊಡೆದು ಬೆಳೆಸಿದ ನಾಯಿ ಚೆನ್ನಾಗಿ ಬೊಗಳುತ್ತದೆ ಎಂದು ಯಾರೋ ಹೇಳಿದ್ದರು, ನೀರಿನ ಪೈಪಿನ ತುಂಡೊಂದನ್ನು ಕಾಂಪೌಂಡಿನ ಮೇಲೆ ಇಟ್ಟಿದ್ದ. ಬೊಗಳುತ್ತಲೂ ಇತ್ತು. ಒಂದು ಸಂಜೆ ಮೂಲೆ ತಿರುಗಿ ಬಂದಾಗ ಅಣ್ಣ ಸೈಟಿನೊಳಗೇ ನಿಂತಿದ್ದ. ಬಿಳಿ ಪಂಚೆ, ಕೈಯಲ್ಲಿ ಬಿಸ್ಕತ್ತು. ನಾಯಿ ಬೊಗಳುತ್ತಿರಲಿಲ್ಲ. ಬಾಲ ಆಡಿಸುತ್ತಿತ್ತು. ಬಾಲವಷ್ಟೇ ಅಲ್ಲ, ಸೊಂಟದಿಂದ ಹಿಂದೆ ಇಡೀ ಮೈ ಆಡುತ್ತಿತ್ತು. ಅಣ್ಣ ನಗುತ್ತ, "ಇದುಕ್ಕಾದ್ರೂ ಗೊತ್ತೈತೆ ನೋಡೋ, ಜಾಗ ಯಾರ್ದು ಅಂತ" ಎಂದು ಹೇಳಿ ಹೋದ. ಆ ಸಂಜೆ ಪೈಪು ಸೀಳುವವರೆಗೂ ಹೊಡೆದ. ನಾಯಿ ಒಮ್ಮೆಯೂ ಹಲ್ಲು ತೋರಿಸಲಿಲ್ಲ. ಗುರ್ರೆನ್ನಲಿಲ್ಲ. ಎದುರಿನ ಟೈಲರ್ ಅಂಗಡಿಯಿಂದ ಶರ್ಫುನ್ನೀಸಾ ಕೈಯಲ್ಲಿ ಕತ್ತರಿ ಹಿಡಿದೇ ಓಡಿಬಂದು, "ಖುದಾ ನೋಡ್ತಾನೆ ಮುನಿರಾಜಣ್ಣ" ಎಂದು ಕಿರುಚುತ್ತಿದ್ದಳು. ಅಂದಿನಿಂದ ಅದು ಯಾರಿಗೂ ಬಾಲ ಆಡಿಸಲಿಲ್ಲ. ಆಡಿಸಲಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಗಮನಿಸಿ, ಸರಿಯಾಯಿತು ಎಂದುಕೊಂಡಿದ್ದ.

ಬೆಲ್ಟು ಹರಿದಾಗ ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಕುತ್ತಿಗೆಗೆ ಸುತ್ತಿದ. ನಾಳೆ ಬೆಲ್ಟು ತಂದರಾಯಿತು ಎಂದು. ನಾಳೆ ಕೋರ್ಟು, ನಾಡಿದ್ದು ಸರ್ವೆಯವರು. ನಾಯಿ ಬೆಳೆಯಿತು, ವೈರು ಬೆಳೆಯಲಿಲ್ಲ. ಅವನು ಕೋರ್ಟಿಗೆ ಹೋದ ಒಂದು ದಿನ ಬೀದಿಯೇ ಸೈಟಿಗೆ ನುಗ್ಗಿತು. ವೆಲ್ಡಿಂಗ್ ಅಂಗಡಿಯ ಕೆಂಪರಾಜ್ ಕಟರ್ ತಂದು, ಮಾಂಸದೊಳಗೆ ಹೂತಿದ್ದ ವೈರನ್ನು ಉಸಿರು ಬಿಗಿಹಿಡಿದು ಕತ್ತರಿಸಿದನಂತೆ. ಅನೀಸ ಇದೇ ಆಟೋದಲ್ಲಿ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದನಂತೆ; ಈ ಸೀಟಿನ ಮೇಲೆಯೇ ಇರಬೇಕು. ಶರ್ಫುನ್ನೀಸಾ ಅಂಗಡಿಯ ಹಿಂದೆ ಹಾಸಿಗೆ ಹಾಕಿ, ಕುರಿಯ ಈಲಿ ಬೇಯಿಸಿ ಅನ್ನ ಕಲಸಿ, ಬಾಯಿಗಿಟ್ಟಳಂತೆ. ಹೋಟೆಲಿನವನು ಕೋಳಿ ಕೊಟ್ಟನಂತೆ, ಮೇಸ್ತ್ರಿಯ ಹೆಂಡತಿ ಗಾಯ ತೊಳೆದಳಂತೆ. ಎಲ್ಲ ಅಂತೆ. ಇಡೀ ಬೀದಿ ಒಳ್ಳೆಯದಾಯಿತು, ಅವನೊಬ್ಬನನ್ನು ಹೊರಗಿಟ್ಟು. ಪೊಲೀಸಿಗೆ ಹೋಗೋಣವೆಂದು ಕೆಂಪರಾಜ್ ಕುಣಿದಾಗ, ಮಗಳ ಮುಖ ನೋಡಿ ಬಿಟ್ಟುಬಿಡಿ ಎಂದವಳು ಶರ್ಫುನ್ನೀಸಾ. ಆ ಬಿಟ್ಟುಬಿಡಿ ಎಂಬುದನ್ನು ಮಾತ್ರ ಅವನಿಗೆ ಇನ್ನೂ ಕ್ಷಮಿಸಲಾಗಿಲ್ಲ. ಕೇಸು ಹಾಕಿದ್ದರೆ ಅವನು ಜಗಳವಾದರೂ ಆಡಬಹುದಿತ್ತು.

"ನೀವೇ ಇಟ್ಕೋಬಹುದಿತ್ತಲ್ಲ ಆಪಾ," ಎಂದ, ಏನಾದರೂ ಅನ್ನಬೇಕೆಂದು.

"ಬಾಡಿಗೆ ಮನೆ ನಂದು. ಓನರು ಬೇಡ ಅಂದ." ಅವನ ಕಡೆ ತಿರುಗಿ, "ನಿಮ್ದು ಸ್ವಂತ ಮನೆ" ಎಂದಳು.

ಕುಕ್ ಟೌನಿನ ರಸ್ತೆಯಲ್ಲಿ ನೆರಳಿತ್ತು, ಸದ್ದಿರಲಿಲ್ಲ. ಗೇಟು ತೆಗೆದವಳು ಬೃಂದಾ, ನಾಯಿಯನ್ನು ಸಾಕಿಕೊಂಡವಳು. ಮೂವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಅವಳು ತನ್ನನ್ನು ದುರುಗುಟ್ಟಿ ನೋಡುತ್ತಾಳೆಂದು ಅವನು ಹಲ್ಲು ಕಚ್ಚಿ ಸಿದ್ಧನಾಗಿದ್ದ. ಅವಳು, "ಬಂದ್ರಲ್ಲ ಅಂಕಲ್, ತುಂಬಾ ಥ್ಯಾಂಕ್ಸ್" ಎಂದುಬಿಟ್ಟಳು. ಕೆಂಪರಾಜ್ ಮೊದಲೇ ಬಂದಿದ್ದ. ಅಕ್ಕಪಕ್ಕದ ಮನೆಯವರೂ ಕೆಲವರು ವರಾಂಡದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು. ನಾಮಕರಣಕ್ಕೆ ಬಂದವರ ಹಾಗೆ. ಅವರು ಸ್ವಲ್ಪ ಸರಿದು ಅವನಿಗೆ ದಾರಿ ಬಿಟ್ಟರು. ಬೇಕಾದ್ದಕ್ಕಿಂತ ಹೆಚ್ಚೇ ಸರಿದರು.

ಸೀಬೆ ಮರದ ಸುತ್ತ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಗುಂಡಗೆ, ಕೈವಾರ ಇಟ್ಟು ಎಳೆದ ಹಾಗೆ. ಸೈಟಿನಲ್ಲೂ ಇಂಥದೇ ಒಂದಿದೆ. ಅಲ್ಲಿ ಇವತ್ತಿಗೂ ಪಾರ್ಥೇನಿಯಮ್ ಎದ್ದಿಲ್ಲ. ಅವನ ಕಣ್ಣು ತಾನಾಗಿಯೇ ಅಳೆಯಿತು: ಅಷ್ಟೇ ಅಗಲ, ಈ ಚೀಲದಲ್ಲಿರುವ ಸರಪಳಿಯ ಉದ್ದ. ನಡುವೆ ನಾಯಿ ಬೆನ್ನು ಮಾಡಿ ಮಲಗಿತ್ತು. ಮೈ ತುಂಬಿದ, ಹೊಳೆಯುವ ನಾಯಿ. ಬೇರೆ ಯಾವುದೋ ನಾಯಿ ಎಂದುಕೊಂಡು ಅವನಿಗೆ ಒಂದು ಗಳಿಗೆ ಹಗುರವಾಯಿತು. ಅದು ತಲೆ ತಿರುಗಿಸಿದಾಗ ಕುತ್ತಿಗೆಯ ಸುತ್ತ ಕೂದಲು ಬಾರದ ಪಟ್ಟಿ ಕಂಡಿತು.

"ನೋಡಿ ಅಂಕಲ್, ಅನ್ನದ ತಟ್ಟೆ ಗೆರೆಯಿಂದ ಆಚೆ ಇಟ್ರೆ ಹಸ್ಕೊಂಡೇ ಇರ್ತಾನೆ. ಮಳೆ ಬಂದ್ರೂ ಒಳಗೆ ಬರಲ್ಲ. ಎತ್ಕೊಂಡು ಬಂದ್ರೆ ನಡುಗ್ತಾನೆ, ಬಿಟ್ಟ ತಕ್ಷಣ ಇಲ್ಲಿಗೇ ಓಡಿ ಬರ್ತಾನೆ." ಬೃಂದಾ ಸವೆದ ಗೆರೆಯನ್ನು ಕೈಯಲ್ಲಿ ತೋರಿಸಿದಳು. "ನಾವು ಮೋಚಾ ಅಂತೀವಿ, ಈ ಆಪಾ ಬಾದಶಾ ಅಂತಾರೆ. ಯಾವುದಕ್ಕೂ ತಿರುಗಲ್ಲ. ನೀವು ಏನಂತ ಕರೀತಿದ್ರಿ?"

ವರಾಂಡದ ಕಣ್ಣುಗಳೆಲ್ಲ ಅವನ ಮೇಲಿದ್ದವು. ಏನೂ ಕರೆಯುತ್ತಿರಲಿಲ್ಲ ಎನ್ನಬಹುದಿತ್ತು.

"ರಾಜ," ಎಂದ. "ರಾಜ ಅಂತಿದ್ದೆ."

"ಕರೀರಿ ಹಂಗಾದ್ರೆ."

"ರಾಜ," ಎಂದ. "ರಾಜಾ. ಬಾರೋ." ದನಿ ಬೇರೆ ಯಾರದೋ ಹಾಗಿತ್ತು. ನಾಯಿಯ ಕಿವಿ ಕೂಡ ಅಲುಗಲಿಲ್ಲ. ಶರ್ಫುನ್ನೀಸಾ ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡುತ್ತಿದ್ದಳು. ಅಂಗಡಿಯಲ್ಲಿ ಕೂತು ವರ್ಷಗಟ್ಟಲೆ ಕೇಳಿಸಿಕೊಂಡವಳು, ಅವಳಿಗೆ ಗೊತ್ತು. "ಇನ್ನೊಂದ್ ಸಲ ಕರೀಣ್ಣ ರಾಜಾನ್ನ," ಎಂದ ಕೆಂಪರಾಜ್, ನಗು ಬಾರದ ಹಾಗೆ ತುಟಿ ಬಿಗಿದು. ಸಿಟ್ಟು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಅಲ್ಲಿ ಬೆಳಗಿನಿಂದ ಕೂತಿದ್ದ ಕಫಕ್ಕೆ ತಗುಲಿತು. ಮುನಿರಾಜಪ್ಪ ಕ್ಯಾಕರಿಸಿದ.

ನಾಯಿ ನೆಲಕ್ಕೆ ಅಂಟಿಕೊಂಡಿತು. ಹಿಂಗಾಲಿನ ಕೆಳಗೆ ಮಣ್ಣು ಒದ್ದೆಯಾಯಿತು. ಆಮೇಲೆ ಹೊಟ್ಟೆಯ ಮೇಲೆ ತೆವಳುತ್ತ ತೆವಳುತ್ತ ಅವನ ಕಡೆಗೆ ಬಂದು, ಗೆರೆಯ ಅಂಚಿನಲ್ಲಿ ನಿಂತು, ಕುತ್ತಿಗೆ ಚಾಚಿತು.

"ಗೊತ್ತಾಯ್ತು!" ಎಂದರು ವರಾಂಡದಲ್ಲಿ ಯಾರೋ. "ಗುರುತು ಸಿಕ್ತು ನೋಡಿ ಅದಕ್ಕೆ."

ಅವನು ಮೊಣಕಾಲೂರಿದ. ಬೃಂದಾ ಹಾಕಿದ್ದ ಮೆತ್ತನೆಯ ಬೆಲ್ಟಿಗೆ ಸರಪಳಿಯ ಕೊಂಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮರಕ್ಕೆ ಸುತ್ತಿದ. ಕೈಗೆ ಕೆಲಸ ಮರೆತಿರಲಿಲ್ಲ. ಕೊಂಡಿ ಟಕ್ಕೆಂದದ್ದೇ ನಾಯಿಯ ಮೈಯೊಳಗಿನಿಂದ ಏನೋ ಇಳಿದು ಹೋಯಿತು. ಅದು ಎದ್ದಿತು. ಕಿವಿಯಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿತು, ಸರಪಳಿ ಝಲ್ಲೆಂದಿತು. ಆ ಸದ್ದನ್ನು ಕೇಳಿಸಿಕೊಳ್ಳುವಂತೆ ಒಂದು ಕ್ಷಣ ನಿಂತು, ಬಾಲ ಆಡಿಸಿತು. ಮೊದಲು ತುದಿ, ಆಮೇಲೆ ಪೂರ್ತಿ ಬಾಲ, ಆಮೇಲೆ ಸೊಂಟದಿಂದ ಹಿಂದೆ ಇಡೀ ಮೈ. ಸರಪಳಿಯ ಉದ್ದಕ್ಕೂ ಓಡಿ, ಅದು ಬಿಗಿಯಾದಲ್ಲಿ ತಿರುಗಿ, ಮತ್ತೆ ಓಡಿತು. ಗೆರೆ ಎಲ್ಲಿದೆ ಎಂದು ಇನ್ನು ಅದು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.

ಬೃಂದಾ ಬಾಯಿ ಮೇಲೆ ಕೈ ಇಟ್ಟುಕೊಂಡು ಅಳತೊಡಗಿದಳು. ವರಾಂಡದವರು ಚಪ್ಪಾಳೆ ತಟ್ಟಿದರು. ಅನೀಸ ಮೊಬೈಲು ಹಿಡಿದು ನೆಲಕ್ಕೆ ಕೂತು, "ಆಪಾ, ಬಾಲ ನೋಡಿ, ಬಾಲ!" ಎನ್ನುತ್ತಿದ್ದ. ಕೆಂಪರಾಜ್ ಕೂಡ ಅವನ ಬೆನ್ನು ತಟ್ಟಿ, "ಪರ್ವಾಗಿಲ್ಲ ಕಣಣ್ಣ" ಎಂದ. ಮುನಿರಾಜಪ್ಪನ ಎದೆಯಲ್ಲಿ ಏನೋ ಉಬ್ಬಿತು. ಅದು ದುಃಖವಿರಬೇಕೆಂದು ಅವನು ಬಯಸಿದ. ದುಃಖವಾಗಿರಲಿಲ್ಲ. ನನ್ನದು, ನನ್ನನ್ನು ಗುರುತಿಸಿತು, ಇಷ್ಟು ಜನರ ಈಲಿ ಅನ್ನಕ್ಕೆ ಆಡದ ಬಾಲ ನನ್ನ ಕೈಗೆ ಆಡಿತು ಎಂಬ ಹೆಮ್ಮೆ ಅದು. ಬಿಸ್ಕತ್ತು ಹಿಡಿದ ಅಣ್ಣನ ಮುಖ ನೆನಪಾಯಿತು. ಬಂದು ನೋಡಲಿ ಈಗ, ಎನಿಸಿತು. ಎನಿಸಿದ ಕೂಡಲೇ ಬಾಯಿ ಕಹಿಯಾಯಿತು.

"ಈಗ ಬಿಚ್ಚಿ," ಎಂದಳು ಶರ್ಫುನ್ನೀಸಾ.

ಅವನು ಬಾಗಿ ಕೈ ಚಾಚಿದ. ಬೆರಳು ಕೊಂಡಿಯ ಮೇಲೆ ಬಿತ್ತು. ನಾಯಿಯ ಬಾಲ ನಿಂತಿತು. ಮೇಲ್ದುಟಿ ಮಡಚಿಕೊಂಡು, ಅಷ್ಟು ವರ್ಷ ಪೈಪಿನ ಕೆಳಗೆ ಒಮ್ಮೆಯೂ ಕಾಣದಿದ್ದ ಹಲ್ಲು ಕಂಡಿತು. ಒಳಗಿನಿಂದ, ಬಹಳ ಒಳಗಿನಿಂದ, ಗುರ್ರೆಂದಿತು. ಅವನು ಕೈ ತೆಗೆದ. ಬಾಲ ಮತ್ತೆ ಆಡಿತು. ಮತ್ತೆ ಕೈ ಇಟ್ಟ. ಈ ಸಲ ಹಲ್ಲು ಮಣಿಕಟ್ಟನ್ನು ಸವರಿಕೊಂಡು ಹೋಯಿತು, ಕಚ್ಚಲಿಲ್ಲ, ಕಚ್ಚುತ್ತೇನೆ ಎಂದಿತು.

"ಬೇಡ ಅಂಕಲ್, ಬೇಡ, ಹೆದರಿಸ್ಬೇಡಿ!" ಬೃಂದಾ ಓಡಿಬಂದಳು. "ಇವತ್ತು ಇರ್ಲಿ ಬಿಡಿ. ಇಷ್ಟು ಖುಷಿಯಾಗಿರೋದು ನಾನು ನೋಡೇ ಇಲ್ಲ. ಇವತ್ತೊಂದಿನ ಇರ್ಲಿ."

"ಬಿಚ್ಚೀ ಮುನಿರಾಜಣ್ಣ," ಶರ್ಫುನ್ನೀಸಾ ಮತ್ತೆ ಎಂದಳು, ಈಗ ಕಿರುಚಿದಂತೆ. "ಕಚ್ಚಿದ್ರೆ ಕಚ್ಚಲಿ. ಬಿಚ್ಚಿ."

ಕಚ್ಚಿಸಿಕೊಂಡು ಬಿಚ್ಚಬಹುದಿತ್ತು. ಒಂದು ಕೈ ಹೋದರೆ ಹೋಗುತ್ತಿತ್ತು. ಅದನ್ನು ಅವನು ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಕಂಡ, ಬಾಗಿಲು ಕಂಡ ಹಾಗೆ. ಆದರೆ ಸುತ್ತ ಎಲ್ಲರೂ ನಗುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಅವನು ನಿಂತಲ್ಲಿ ಜನ ನಗುತ್ತಿದ್ದರು, ಅವನನ್ನು ಆಡಿಕೊಂಡು ಅಲ್ಲ. "ಅಮ್ಮಾರು ಬೇಡ ಅಂತವ್ರಲ್ಲ ಆಪಾ," ಎಂದು ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

ಬರುವಾಗ ಶರ್ಫುನ್ನೀಸಾ ಅವನ ಪಕ್ಕ ಕೂರಲಿಲ್ಲ. ಬಸ್ಸಿಗೆ ಹೋಗುತ್ತೇನೆಂದು ಬಿಸಿಲಲ್ಲಿ ನಡೆದುಹೋದಳು. ಅನೀಸ ದಾರಿಯುದ್ದಕ್ಕೂ ಆ ಬಾಲದ ಮಾತನ್ನೇ ಆಡಿದ. ಆಟೋ ಗುಂಡಿಗೆ ಇಳಿದರೂ ತೊಡೆಯ ಮೇಲೆ ಏನೂ ಝಲ್ಲೆನ್ನಲಿಲ್ಲ. ಬೃಂದಾ ನಾಳೆ ಬಿಚ್ಚುತ್ತಾಳೆಯೇ? ನಾಳೆಯೂ ಅದು ಗುರ್ರೆನ್ನುತ್ತದೆ, ನಾಳೆಯೂ ಅವಳಿಗೆ ಪಾಪ ಎನಿಸುತ್ತದೆ. ಒಳ್ಳೆಯ ಹೆಂಗಸು. ನಾಳೆ ತಂದರಾಯಿತು ಎಂದು ತಾನೂ ಅಂದುಕೊಂಡಿದ್ದೆನಲ್ಲ ಎಂದು ಅವನಿಗೆ ಹೊಳೆಯಿತು. ಟಿನ್ ಫ್ಯಾಕ್ಟರಿ ಬಂತು.

ಮನೆಗೆ ಬರುವಷ್ಟರಲ್ಲಿ ವಿಡಿಯೋ ಅವನಿಗಿಂತ ಮೊದಲೇ ಬಂದಿತ್ತು. ಪ್ರಿಯಾ ಮೆಟ್ಟಿಲಿಳಿದು ಓಡಿಬಂದಳು. "ಅಪ್ಪಾ! ಬಾಲ ಆಡಿಸ್ತಲ್ಲಪ್ಪಾ!" ಎಂದಳು. ಅಪ್ಪಾ ಎಂದಳು. ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು. ಅನೀಸ ಬಾಲವನ್ನಷ್ಟೇ ಹಿಡಿದಿದ್ದ. ಕುತ್ತಿಗೆ ಎಲ್ಲೂ ಇರಲಿಲ್ಲ. "ಬಿಚ್ಚಿದ್ ತಕ್ಷಣಾನಾ ಇದು?"

"ಹೂಂ," ಎಂದ ಮುನಿರಾಜಪ್ಪ.

"ಕಣ್ಣಿ ವಾಪಸ್ ತಂದ್ಯೇನೋ?" ಒಳಗಿನಿಂದ ಚಿಕ್ಕಮುನಿಯಮ್ಮ ಕೇಳಿದಳು.

"ಬಿಸಾಕ್ದೆ ಕಣಮ್ಮೋ. ದಾರೀಲಿ."

ಮಗಳೇ ಬಡಿಸಿದಳು. ಮುದ್ದೆ ಸಾಕೆಂದರೂ ಇನ್ನೊಂದು ಇಟ್ಟಳು. ಹೆಂಡತಿ ಪದ್ಮಶ್ರೀ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಏನೋ ಗುನುಗುತ್ತಿದ್ದಳು. ಅವಳು ಗುನುಗುತ್ತಾಳೆಂಬುದೇ ಅವನಿಗೆ ಮರೆತಿತ್ತು. ಊಟವಾದ ಮೇಲೆ ಅವನು ಜಗಲಿಗೆ ಹೋಗಿ ಕೂತ. ಒಳಗೆ ಟೀವಿ, ಪ್ರಿಯಾ ಸೋಫಾದ ಮೇಲೆ ಕಾಲು ಚಾಚಿಕೊಂಡು ಗೆಳತಿಗೆ ಫೋನಿನಲ್ಲಿ ಆ ಬಾಲದ ಕತೆ ಹೇಳಿ ಜೋರಾಗಿ ನಗುತ್ತಿದ್ದಳು, ಮುದುಕಿಯ ಕುಟ್ಟಾಣಿ ಟಣ್ ಟಣ್ ಎನ್ನುತ್ತಿತ್ತು. ಮನೆ ಇಷ್ಟು ಸದ್ದು ಮಾಡಿದ್ದು ಯಾವಾಗ? ಅವನು ಕೇಳುತ್ತ ಕೂತ. ಮುದ್ದೆಯದೋ ಏನೋ, ಗಂಟಲಲ್ಲಿ ಒಂದು ಅಗುಳಿನಷ್ಟು ಸಿಕ್ಕಿಕೊಂಡಿತ್ತು. ಮರೆತು ಕ್ಯಾಕರಿಸಿದ.

ಒಳಗೆ ಟೀವಿಯ ಸದ್ದು ತಗ್ಗಿತು. ಕುಟ್ಟಾಣಿ ನಿಂತಿತು. ಅಡುಗೆಮನೆಯ ನಲ್ಲಿಯನ್ನು ಯಾರೋ ಮೆಲ್ಲಗೆ ತಿರುಗಿಸಿದರು. ಪ್ರಿಯಾ ಫೋನಿಗೆ, "ಆಮೇಲೆ ಮಾಡ್ತೀನಿ ಕಣೇ," ಎಂದು ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಸೋಫಾದಿಂದ ಕಾಲುಗಳು ಕೆಳಗಿಳಿದ ಸದ್ದು.